ವೃತ್ತದ ಹೊರಗಿನ ಹುಳು: ಎಳೆಯರ ಜೀವನಚಕ್ರ ಪಾಠ ಮತ್ತು ಗಡಿಯ ಮನೆಮಾತು

ಮೂರರಿಂದ ಆರು ವರ್ಷದ ಮಕ್ಕಳಿಗೆ ಪ್ರಾಣಿಗಳ ಜೀವನಚಕ್ರವನ್ನು ಪರಿಚಯಿಸಲು ಬಳಸುವ ಗೋಡೆಪಟ ಎಲ್ಲ ಭಾಷೆಗಳಲ್ಲೂ ಬಹುಮಟ್ಟಿಗೆ ಒಂದೇ. ಎಲೆಯ ಮೇಲೆ ಮೊಟ್ಟೆ, ಅದರ ಪಕ್ಕದಲ್ಲಿ ಹುಳು, ಕೆಳಗೆ ತೂಗುವ ಕೋಶ, ಕೊನೆಗೆ ರೆಕ್ಕೆ ಬಿಚ್ಚಿದ ಚಿಟ್ಟೆ. ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು; ಕೊನೆಯ ಬಾಣ ಮತ್ತೆ ಮೊಟ್ಟೆಗೆ. ಈ ಪಟವನ್ನು ನಾವು ಸಾಮಾನ್ಯವಾಗಿ ಬೋಧನ ಸಾಮಗ್ರಿಯೆಂದು ನೋಡುತ್ತೇವೆಯೇ ಹೊರತು ಪಠ್ಯವೆಂದು ಓದುವುದಿಲ್ಲ. ಆದರೆ ಇದು ಒಂದು ಪಠ್ಯವೇ. ಅದಕ್ಕೆ ಆರಂಭವಿದೆ, ಅಂತ್ಯವಿದೆ, ಪಾತ್ರವಿದೆ. ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆಯಿದೆ. ಅದು ಬಿಟ್ಟಿರುವ ಸಂಗತಿಗಳು ಮೂರು: ಹುಳುವಿಗೆ ಆಹಾರವಾದ ಗಿಡ, ಹುಳುವಿನ ಸಾವು, ಮತ್ತು ಹುಳುವನ್ನು ಕುರಿತು ಮಗುವಿನ ಮನೆಯಲ್ಲಿ ಆಗಲೇ ಇರುವ ಮಾತು. ಮೊದಲಿನ ಎರಡನ್ನು ಕೈಯಾರೆ ಮಾಡುವ ಚಟುವಟಿಕೆ ತಾನಾಗಿಯೇ ಮರಳಿ ತರಬಲ್ಲದು. ಮೂರನೆಯದು ತಾನಾಗಿ ಬರುವುದಿಲ್ಲ. ಅದಕ್ಕೆ ಶಿಕ್ಷಕಿಯ ನಿರ್ಧಾರ ಬೇಕು. ಗಡಿಯಾಚೆಯ ಕನ್ನಡ ಮಗುವಿನ ವಿಷಯದಲ್ಲಿ ಈ ನಿರ್ಧಾರದ ಮೇಲೆ ಬಹಳಷ್ಟು ನಿಂತಿದೆ ಎಂಬುದು ಈ ಲೇಖನದ ವಾದ.

ಈ ವಾದ ಹುಟ್ಟಿದ್ದು ಒಂದು ಸಣ್ಣ ಪ್ರಸಂಗದಿಂದ. ತಮಿಳುನಾಡಿನ ತಾಳವಾಡಿ ಸೀಮೆಯ ಒಂದು ಅಂಗನವಾಡಿಯಲ್ಲಿ ಮಕ್ಕಳ ಮಾತನ್ನು ಬರೆದುಕೊಳ್ಳುತ್ತ ಕುಳಿತಿದ್ದೆ. ಗೋಡೆಯ ಮೇಲೆ ಮೇಲೆ ಹೇಳಿದಂಥದೇ ಪಟ. ಅದರಲ್ಲಿ ತಮಿಳಿನ ನಾಲ್ಕು ಪದಗಳು: ಮುಟ್ಟೈ, ಪುೞು, ಕೂಟ್ಟುಪ್ಪುೞು, ಪಟ್ಟಾಂಪೂಚ್ಚಿ. ಶಿಕ್ಷಕಿ ಅದೇ ಊರಿನವರು. ಮಕ್ಕಳೊಡನೆ ಆಡುವುದು ಕನ್ನಡವನ್ನೇ. ಪಟದ ಎರಡನೆಯ ಚಿತ್ರವನ್ನು ತೋರಿಸಿದಾಗ ನಾಲ್ಕು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನಮ್ಮನ ಹುಳ ಜ್ವರಕ್ಕ ಕೂತವ" ಎಂದಳು. ಶಿಕ್ಷಕಿ ನಕ್ಕು, "ಅದು ಮನ ಮಾತು ಕನ ಮಗ, ಪಾಠದಲ್ಲಿ ಪುೞು ಅನ್ನಬೇಕು" ಎಂದರು. ಹುಡುಗಿ "ಪುೞು" ಎಂದು ಒಪ್ಪಿಸಿ ಕುಳಿತುಕೊಂಡಳು. ಅಲ್ಲಿ ಯಾರೂ ಯಾರನ್ನೂ ಗದರಲಿಲ್ಲ. ಆದರೂ ಆ ಮಗು ಹೇಳಲು ಬಂದಿದ್ದ ಸಂಗತಿ ಪಟದಲ್ಲಿಲ್ಲದ ಸಂಗತಿ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಪೊರೆ ಕಳಚುವುದಕ್ಕೆ ಮುನ್ನ ಸೊಪ್ಪು ಬಿಟ್ಟು, ತಲೆ ಎತ್ತಿ, ಒಂದು ದಿನದಷ್ಟು ಕಾಲ ಅಲುಗಾಡದೆ ಇರುವುದನ್ನು 'ಜ್ವರಕ್ಕೆ ಕೂರುವುದು' ಎನ್ನುತ್ತಾರೆ. ಪಟದ 'ಹುಳು' ಒಂದೇ ಚಿತ್ರ. ಆ ಮನೆಯ ಹುಳು ನಾಲ್ಕು ಬಾರಿ ಜ್ವರಕ್ಕೆ ಕೂತು ಎದ್ದ ಹುಳು. ಪಾಠಕ್ಕಿಂತ ಮಗುವಿನ ವಾಕ್ಯದಲ್ಲೇ ಹೆಚ್ಚು ಜೀವಶಾಸ್ತ್ರವಿತ್ತು.

೧

ಜೀವನಚಕ್ರದ ಚಿತ್ರಣಕ್ಕೆ ಒಂದು ಇತಿಹಾಸವಿದೆ. ಅದನ್ನು ನೋಡಿದರೆ, ಇಂದಿನ ಪಟ ಏನನ್ನು ಕಳೆದುಕೊಂಡಿದೆ ಎಂಬುದು ಸ್ಪಷ್ಟವಾಗುತ್ತದೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 1647ರಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್ ತನ್ನ ಹದಿಮೂರನೆಯ ವಯಸ್ಸಿನಲ್ಲಿ ಕೀಟಗಳನ್ನು ಗಮನಿಸಲು ತೊಡಗಿದಳು. ಆಕೆ ಮೊದಲು ಕೈಗೆತ್ತಿಕೊಂಡದ್ದು ರೇಷ್ಮೆ ಹುಳುವನ್ನೇ. ಕೀಟಗಳು ಕೆಸರಿನಿಂದ, ಕೊಳೆತ ವಸ್ತುವಿನಿಂದ ತಾವಾಗಿ ಹುಟ್ಟುತ್ತವೆ ಎಂಬ ನಂಬಿಕೆ ಇನ್ನೂ ಬಲವಾಗಿದ್ದ ಕಾಲ ಅದು. ಆಕೆ ಹುಳುಗಳನ್ನು ಮನೆಯಲ್ಲಿಟ್ಟು, ಅವು ತಿನ್ನುವ ಎಲೆಯನ್ನೇ ತಂದು ಹಾಕಿ, ಮೊಟ್ಟೆಯಿಂದ ರೆಕ್ಕೆಯವರೆಗೆ ನೋಡಿ ಚಿತ್ರಿಸಿದಳು. 1679ರಲ್ಲಿ ಹೊರಬಂದ ಕಂಬಳಿಹುಳುಗಳ ಕುರಿತ ಆಕೆಯ ಪುಸ್ತಕವೂ, ಸುರಿನಾಮ್‌ನಲ್ಲಿದ್ದು ಬಂದ ಮೇಲೆ 1705ರಲ್ಲಿ ಪ್ರಕಟಿಸಿದ ಪುಸ್ತಕವೂ ಒಂದು ಕ್ರಮವನ್ನು ಪಾಲಿಸುತ್ತವೆ: ಪುಟದ ನಡುವೆ ಗಿಡ, ಆ ಗಿಡದ ಮೇಲೆ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಲ್ಲವೂ ಒಟ್ಟಿಗೆ. ಅಲ್ಲಿ ಬಾಣವಿಲ್ಲ, ವೃತ್ತವಿಲ್ಲ. ಗಿಡವೇ ಆ ಬದುಕನ್ನು ಒಂದುಗೂಡಿಸುವ ಸೂತ್ರ.

ಮೆರಿಯನ್ ಇನ್ನೊಂದನ್ನೂ ದಾಖಲಿಸಿದಳು. ತಾನು ಸಾಕಿದ ಕೆಲವು ಹುಳುಗಳಿಂದ ಚಿಟ್ಟೆ ಬಾರದೆ ನೊಣಗಳು ಹೊರಬಂದವು. ಪರೋಪಜೀವಿ ಕೀಟದ ವರ್ತನೆ ಆಗಿನ್ನೂ ಸರಿಯಾಗಿ ತಿಳಿದಿರಲಿಲ್ಲ. ಆದರೂ ತನಗೆ ಬೇಕಾದ ಅಂತ್ಯ ಬರಲಿಲ್ಲವೆಂದು ಆಕೆ ಅದನ್ನು ಕೈಬಿಡಲಿಲ್ಲ. ನಮ್ಮ ರೇಷ್ಮೆ ಮನೆಗಳಲ್ಲಿ ಇದಕ್ಕೆ ಹೆಸರೇ ಇದೆ: ಉಜಿ ನೊಣ. 1980ರಲ್ಲಿ ಕರ್ನಾಟಕದ ರೇಷ್ಮೆ ಸೀಮೆಗೆ ಕಾಲಿಟ್ಟ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ; ಮರಿ ಒಳಹೊಕ್ಕ ಕಡೆ ಕಪ್ಪು ಚುಕ್ಕೆ ಉಳಿಯುತ್ತದೆ. ಸಾಕಣೆ ಮನೆಯ ಕಿಟಕಿಗೆ ಬಲೆ ಕಟ್ಟುವುದು ಇದರ ಭಯದಿಂದಲೇ. ಆ ಬಲೆಯನ್ನು ದಿನವೂ ನೋಡುವ ಮಗುವಿಗೆ, ಎಲ್ಲ ಹುಳುವೂ ಚಿಟ್ಟೆಯಾಗುತ್ತದೆ ಎಂದು ಹೇಳುವ ಪಟ ಪೂರ್ತಿ ನಿಜವಲ್ಲ ಎಂಬುದು ಗೊತ್ತಿರುತ್ತದೆ.

೨

ಇಪ್ಪತ್ತನೆಯ ಶತಮಾನದಲ್ಲಿ ಈ ವಿಷಯವನ್ನು ಎಳೆಯರ ಕೈಗೆ ಕೊಟ್ಟ ಕೃತಿ ಎರಿಕ್ ಕಾರ್ಲ್ 1969ರಲ್ಲಿ ಪ್ರಕಟಿಸಿದ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್'. ಜಗತ್ತಿನ ಹತ್ತಾರು ಭಾಷೆಗಳಿಗೆ ಹೋಗಿರುವ ಈ ಚಿತ್ರಪುಸ್ತಕವೇ ಇಂದು ಶಾಲಾಪೂರ್ವ ಜೀವನಚಕ್ರ ಪಾಠದ ಅನಧಿಕೃತ ಪಠ್ಯಪುಸ್ತಕ. ಇದರ ಶಕ್ತಿ ಇರುವುದು ಪುಟಗಳಲ್ಲಿ ಕೊರೆದಿರುವ ತೂತುಗಳಲ್ಲಿ. ಹುಳು ತಿಂದ ಹಣ್ಣಿನಲ್ಲಿ ತೂತಿದೆ. ಮಗು ಅದರಲ್ಲಿ ಬೆರಳು ತೂರಿಸುತ್ತದೆ. ಓದುವ ಮುನ್ನವೇ ಮಗುವಿನ ಬೆರಳು ಹುಳುವಾಗುತ್ತದೆ. ಕೈಯಾರೆ ಕಲಿಯುವುದು ಎಂದರೆ ಏನೆಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಪುಸ್ತಕಗಳು ಕಡಿಮೆ.

ಆದರೆ ವಿಮರ್ಶೆಯ ಕಣ್ಣಿಗೆ ಇದರಲ್ಲಿ ಮೂರು ವಿಷಯಗಳು ಕಾಣುತ್ತವೆ. ಮೊದಲನೆಯದು, ಇದು ಚಕ್ರದ ಕಥೆಯಲ್ಲ, ರೇಖೆಯ ಕಥೆ. ಬೆಳುದಿಂಗಳಿನಲ್ಲಿ ಎಲೆಯ ಮೇಲಿರುವ ಮೊಟ್ಟೆಯಿಂದ ಹೊರಟು ಬಣ್ಣದ ರೆಕ್ಕೆಗೆ ಬಂದು ನಿಲ್ಲುತ್ತದೆ; ಚಿಟ್ಟೆ ಮತ್ತೆ ಮೊಟ್ಟೆಯಿಡುವುದಿಲ್ಲ. ಎರಡನೆಯದು, ಹುಳು ಒಂಟಿ. ಅದಕ್ಕೆ ತಾಯಿಯಿಲ್ಲ, ಒಡಹುಟ್ಟಿಲ್ಲ, ಅದನ್ನು ಹಿಡಿಯುವ ಹಕ್ಕಿಯಿಲ್ಲ. ವಾರವಿಡೀ ಹಣ್ಣುಗಳನ್ನು, ಶನಿವಾರ ಕೇಕು ಐಸ್‌ಕ್ರೀಮುಗಳನ್ನು ತಿಂದು ಹೊಟ್ಟೆನೋವು ತಂದುಕೊಂಡ ಮೇಲೆ, ಭಾನುವಾರವಷ್ಟೇ ಹಸುರೆಲೆಗೆ ಬರುತ್ತದೆ. ಮೆರಿಯನ್ ಪುಟದ ನಡುವೆ ಇಟ್ಟ ಗಿಡ ಇಲ್ಲಿ ಔಷಧಿಯಾಗಿ ಉಳಿದಿದೆ. ಮೂರನೆಯದು, ಚಿಟ್ಟೆ ಹೊರಬರುವುದು ಇಲ್ಲಿ ನೂಲಿನ ಗೂಡಿನಿಂದ. ಪತಂಗಗಳಲ್ಲಿ ಅನೇಕವು ಗೂಡು ನೂಲುತ್ತವೆ. ಚಿಟ್ಟೆಯ ಕೋಶ ಸಾಮಾನ್ಯವಾಗಿ ಬರಿಯ ಮೈಯದು, ನೂಲಿನ ಹೊದಿಕೆಯಿಲ್ಲದ್ದು. ಈ ತಪ್ಪನ್ನು ಓದುಗರು ಬಹುಕಾಲದಿಂದ ತೋರಿಸುತ್ತ ಬಂದಿದ್ದಾರೆ.

ಕಥೆಗೆ ಈ ಸ್ವಾತಂತ್ರ್ಯ ಇರಲಿ. ಕಾರ್ಲ್ ಬರೆದದ್ದು ಪಠ್ಯಪುಸ್ತಕವನ್ನಲ್ಲ. ತೊಂದರೆ ಇರುವುದು ಕಥೆಯನ್ನು ಪಾಠವಾಗಿ ಮಾಡಿಕೊಂಡ ನಮ್ಮ ತರಗತಿಯಲ್ಲಿ. ಪಾಶ್ಚಾತ್ಯ ಶಿಶುವಿಹಾರಗಳಲ್ಲಿ ಪ್ರಚಲಿತವಾಗಿ ಈಗ ನಮ್ಮ ನಗರಗಳಿಗೂ ಬಂದಿರುವ ಒಂದು ಚಟುವಟಿಕೆಯನ್ನು ನೋಡಿ: ಕಾಗದದ ತಟ್ಟೆಯನ್ನು ನಾಲ್ಕು ಭಾಗ ಮಾಡಿ, ಬೇರೆಬೇರೆ ಆಕಾರದ ಪಾಸ್ತಾವನ್ನು ಅಂಟಿಸುವುದು. ಅಕ್ಕಿಯಂಥದು ಮೊಟ್ಟೆ, ಸುರುಳಿಯದು ಹುಳು, ಚಿಪ್ಪಿನಂಥದು ಕೋಶ, ಬಿಲ್ಲುಗಂಟಿನಂಥದು ಚಿಟ್ಟೆ. ನಮ್ಮಲ್ಲಿ ಸಾಬಕ್ಕಿ, ಅವರೆಕಾಳುಗಳಿಂದ ಇದನ್ನೇ ಮಾಡಿಸುತ್ತಾರೆ. ಇದರಲ್ಲಿ ಕೈಗೆ ಕೆಲಸವಿದೆ, ಆದರೆ ಕೈಗೆ ಸಿಗುವುದು ಪ್ರಾಣಿಯಲ್ಲ. ಇದು ಕೈಕೆಲಸ, ಸಾಕಣೆಯಲ್ಲ. ಕೈಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಎಲ್ಲರ ತಟ್ಟೆಯೂ ಒಂದೇ ಬಗೆಯಾಗಿರುತ್ತದೆ, ಮತ್ತು ಅದರಲ್ಲಿ ಮಗುವಿಗೆ ಹೇಳಲು ಹೊಸದೇನೂ ಇರುವುದಿಲ್ಲ. ಸಾಕಣೆಗೆ ಕಾಯುವಿಕೆ ಬೇಕು. ಕಾಯುವಾಗ ಅನಿರೀಕ್ಷಿತವಾದುದು ಸಂಭವಿಸುತ್ತದೆ. ಅನಿರೀಕ್ಷಿತವಾದುದನ್ನು ಹೇಳಲು ಮಗು ತನ್ನ ಹತ್ತಿರದ ಮಾತನ್ನು ಹುಡುಕುತ್ತದೆ. ಭಾಷೆಯ ದೃಷ್ಟಿಯಿಂದ ಈ ಎರಡರ ನಡುವಿನ ಅಂತರ ಇಲ್ಲಿದೆ.

೩

ಆ ಹತ್ತಿರದ ಮಾತು ಗಡಿನಾಡಿನ ಹಲವು ಕನ್ನಡ ಮನೆಗಳಲ್ಲಿ ಸಿದ್ಧವಾಗಿಯೇ ಇದೆ. ತಾಳವಾಡಿ, ಹೊಸೂರು, ಮಡಕಶಿರಾ ಸೀಮೆಗಳು ಹಿಪ್ಪುನೇರಳೆಯ ಸೀಮೆಗಳು. ಅಲ್ಲಿನ ರೇಷ್ಮೆ ಮನೆಯ ಮಾತನ್ನು ಒಂದು ಪಠ್ಯದಂತೆ ಓದಿದರೆ ಅದರ ರೂಪಕಗಳ ವ್ಯಾಪ್ತಿ ಗಮನ ಸೆಳೆಯುತ್ತದೆ. ಹುಳುವನ್ನು 'ಮೇಯಿಸುತ್ತಾರೆ', ಆಗ ಅದು ದನ. ಎಳೆಯ ಹುಳು 'ಚಾಕಿ'. ಅದಕ್ಕೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಪೊರೆ ಕಳಚುವಾಗ 'ಜ್ವರಕ್ಕೆ ಕೂರುತ್ತದೆ', ಕಳಚಿದ ಮೇಲೆ 'ಜ್ವರದಿಂದ ಏಳುತ್ತದೆ'; ಆಗ ಅದು ಮನೆಯ ಮಗು. ಐದನೆಯ ಹಂತದ ಕೊನೆಗೆ ಮೇವು ಬಿಟ್ಟು, ಮೈ ಹೊಳಪೇರಿ, ತುಸು ಪಾರದರ್ಶಕವಾದಾಗ 'ಹಣ್ಣಾಯಿತು' ಎನ್ನುತ್ತಾರೆ. ಆಗ ಅದು ಗಿಡದ ಫಲ. ಹಣ್ಣುಹುಳುವನ್ನು ಆಯ್ದು ಬಿಡುವ ಬಿದಿರಿನ ತಟ್ಟಿಯ ಹೆಸರು 'ಚಂದ್ರಿಕೆ'. ಅಲ್ಲಿ ಅದು ಕಟ್ಟುವುದು 'ಗೂಡು'; ಆಗ ಅದು ಹಕ್ಕಿ. ಒಟ್ಟು ಕೆಲಸಕ್ಕೆ ಹೆಸರು 'ಬೆಳೆ'. ಆಗ ಅದು ಹೊಲ. ದನ, ಮಗು, ಹಣ್ಣು, ಹಕ್ಕಿ, ಹೊಲ: ಒಂದು ಕೀಟದ ಇಪ್ಪತ್ತೈದು ಮೂವತ್ತು ದಿನಗಳ ಬದುಕನ್ನು ಹೇಳಲು ರೈತಾಪಿ ಬದುಕಿನ ಎಲ್ಲ ಜೀವರೂಪಗಳೂ ಸಾಲ ಕೊಟ್ಟಿವೆ.

ಇವು ಬರಿಯ ಅಲಂಕಾರಗಳಲ್ಲ. ಪ್ರತಿಯೊಂದೂ ಒಂದು ನೋಟದ ಸೂಚನೆ. 'ಜ್ವರ' ಎಂದರೆ ಸೊಪ್ಪು ಹಾಕಬೇಡ, ಅಲುಗಿಸಬೇಡ ಎಂದರ್ಥ. ಮಳೆ ಸುರಿದಂತೆ ಕೇಳುತ್ತಿದ್ದ ಮೇಯುವ ಸದ್ದು ನಿಂತಾಗ, ಮನೆಯವರಿಗೆ ಕಣ್ಣಿಗಿಂತ ಮೊದಲು ಕಿವಿಗೆ ಅದು ತಿಳಿಯುತ್ತದೆ. 'ಹಣ್ಣು' ಎಂದರೆ ಬಣ್ಣ ನೋಡು, ತಡ ಮಾಡಬೇಡ ಎಂದರ್ಥ. 'ಕೂರು' ಎಂಬ ಕ್ರಿಯಾಪದವನ್ನೇ ನೋಡೋಣ. ಹುಳು ಜ್ವರಕ್ಕೆ ಕೂರುತ್ತದೆ, ಕೋಳಿ ಕಾವಿಗೆ ಕೂರುತ್ತದೆ. ಹೊರಗೆ ನಿಶ್ಚಲತೆ, ಒಳಗೆ ಬದಲಾವಣೆ ಎಂಬ ಕಷ್ಟದ ಪರಿಕಲ್ಪನೆಯನ್ನು ಈ ಒಂದು ಕ್ರಿಯಾಪದ ನಾಲ್ಕು ವರ್ಷದ ಮಗುವಿಗೂ ಮುಟ್ಟಿಸುತ್ತದೆ. ಇಪ್ಪತ್ತೊಂದು ದಿನ ಕಾವಿಗೆ ಕೂತ ಕೋಳಿಯನ್ನು ಕಂಡ ಮಗು ಜ್ವರಕ್ಕೆ ಕೂತ ಹುಳುವಿನ ಬಳಿ ಸದ್ದು ಮಾಡದೆ ನಿಲ್ಲುವುದನ್ನು ಕಲಿಯಲು ಬೇರೆ ಪಾಠ ಬೇಕಾಗುವುದಿಲ್ಲ.

ರೇಷ್ಮೆ ಮನೆಯ ಮಾತಿನಲ್ಲಿ ಚಕ್ರ ಮಾತ್ರ ಇಲ್ಲ. ಇದಕ್ಕೆ ಕಾರಣವಿದೆ, ಮತ್ತು ಅದು ಪಾಠಕ್ಕೆ ಕಷ್ಟದ ಕಾರಣ. ಅಲ್ಲಿನ ಹುಳು ಸಾಮಾನ್ಯವಾಗಿ ಚಿಟ್ಟೆಯಾಗುವುದಿಲ್ಲ. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ನೂಲಿನ ಎಳೆ ತುಂಡಾಗುತ್ತದೆ. ಆದ್ದರಿಂದ ಮಾರಾಟವಾದ ಗೂಡನ್ನು ಬಿಸಿಗೆ ಒಡ್ಡಿ ಒಳಗಿನ ಜೀವವನ್ನು ಕೊಲ್ಲುತ್ತಾರೆ. ಮುಂದಿನ ಬೆಳೆಗೆ ಮೊಟ್ಟೆ ಬರುವುದು ಮನೆಯ ಚಿಟ್ಟೆಯಿಂದಲ್ಲ, ಬಿತ್ತನೆ ಕೋಠಿಯಿಂದ. ಅಂದರೆ ರೇಷ್ಮೆ ಸಾಕುವ ಮನೆಯ ಮಗು ದಿನವೂ ಹುಳುವಿನೊಡನೆ ಬದುಕಿದರೂ ಪಟದ ನಾಲ್ಕನೆಯ ಚಿತ್ರವನ್ನು ತನ್ನ ಮನೆಯಲ್ಲಿ ಕಾಣದಿರಬಹುದು. ಗೋಡೆಪಟ ಈ ಮಗುವಿಗೆ ಎರಡು ಸಲ ಅಪರಿಚಿತವಾಗುತ್ತದೆ: ಅದರ ಮಾತು ಬೇರೆ, ಅದರ ಕಥೆಯ ಕೊನೆಯೂ ಬೇರೆ. "ನಮ್ಮ ಹುಳು ಯಾಕೆ ಹಾರುವುದಿಲ್ಲ?" ಎಂಬುದು ಆ ಮಗು ಕೇಳಬಹುದಾದ ಅತ್ಯಂತ ಸಹಜವಾದ ಪ್ರಶ್ನೆ, ವೃತ್ತ ಅದಕ್ಕೆ ಜಾಗ ಬಿಟ್ಟಿಲ್ಲ.

ಎಳೆಯರ ಮುಂದೆ ಸಾವಿನ ಮಾತು ಬೇಡವೆಂಬ ಅಂಜಿಕೆ ನಮ್ಮ ಶಾಲೆಗಳಲ್ಲಿ ಗಟ್ಟಿಯಾಗಿದೆ. ಇಲ್ಲಿ ಸೂಸನ್ ಐಸಾಕ್ಸ್ ಅವರ ಕೆಲಸ ನೆನಪಿಗೆ ಬರುತ್ತದೆ. 1924ರಿಂದ 1927ರವರೆಗೆ ಕೇಂಬ್ರಿಜ್‌ನ ಮಾಲ್ಟಿಂಗ್ ಹೌಸ್ ಶಾಲೆಯನ್ನು ನಡೆಸಿದ ಅವರು, ಮಕ್ಕಳು ಆಡಿದ ಮಾತನ್ನು ಆಡಿದಂತೆಯೇ ಬರೆದಿಟ್ಟು 1930ರಲ್ಲಿ ಎಳೆಯ ಮಕ್ಕಳ ಬೌದ್ಧಿಕ ಬೆಳವಣಿಗೆಯ ಕುರಿತ ಗ್ರಂಥವನ್ನು ಪ್ರಕಟಿಸಿದರು. ಶಾಲೆಯ ಮೊಲ ಸತ್ತಾಗ ಮಕ್ಕಳು ಅದನ್ನು ನೀರಿಗೆ ಹಾಕಿದರೆ ಬದುಕೀತೇ ಎಂದು ನೋಡಿದ್ದು, ಆಮೇಲೆ ಹೂತದ್ದು ಆ ದಾಖಲೆಯಲ್ಲಿದೆ. ಅಲ್ಲಿ ಮಕ್ಕಳು ಕಂಗೆಟ್ಟವರಾಗಿ ಅಲ್ಲ, ವಿಚಾರಿಸುವವರಾಗಿ ಕಾಣುತ್ತಾರೆ. ರೇಷ್ಮೆ ಮನೆಯ ಮಗುವೂ ಅಂಥ ವಿಚಾರಕನೇ. ಆ ಮಗುವಿಗೆ ಸುಳ್ಳು ಹೇಳುವ ಅಗತ್ಯವಿಲ್ಲ. ನಾಲ್ಕೈದು ಗೂಡುಗಳನ್ನು ಬೇರೆಯಾಗಿ ತೆಗೆದಿಟ್ಟರೆ ಸಾಕು. ಹತ್ತು ಹನ್ನೆರಡು ದಿನಗಳಲ್ಲಿ ಬಿಳಿಯ ಚಿಟ್ಟೆ ಹೊರಬರುತ್ತದೆ. ಅದು ಏನೂ ತಿನ್ನುವುದಿಲ್ಲ, ಹಾರಲಾರದು, ಕಾಗದದ ಮೇಲೆ ನಾನೂರು ಐನೂರು ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಸಾವಿರಾರು ವರ್ಷ ಮನುಷ್ಯ ಸಾಕಿದ್ದರಿಂದ ಹಾರುವುದನ್ನು ಮರೆತ ಜೀವ ಅದು. ಪಟದ ಚಿಟ್ಟೆಗಿಂತ ಈ ಚಿಟ್ಟೆಯಲ್ಲಿ ಹೇಳುವುದಕ್ಕೆ ಹೆಚ್ಚಿದೆ.

೪

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ತಮಿಳು ಪಟದ ಜಾಗದಲ್ಲಿ ಕನ್ನಡ ಪಟವನ್ನು ತೂಗುಹಾಕಿದರೆ ಸಮಸ್ಯೆ ಬಗೆಹರಿಯುತ್ತದೆ ಎಂಬುದು ನನ್ನ ವಾದವಲ್ಲ. ನಮ್ಮ ಪಠ್ಯಗನ್ನಡದ 'ಲಾರ್ವಾ', 'ಪ್ಯೂಪಾ', 'ಕೋಶಾವಸ್ಥೆ', 'ರೂಪಪರಿವರ್ತನೆ'ಗಳು ಆ ಹುಡುಗಿಗೆ 'ಪುೞು'ವಿಗಿಂತ ಹತ್ತಿರದವಲ್ಲ. ಪಠ್ಯಗನ್ನಡ ಎಲ್ಲ ಮರಿಹುಳುಗಳನ್ನೂ 'ಕಂಬಳಿಹುಳು' ಎಂದು ಕರೆಯುವ ರೂಢಿಯನ್ನೇ ನೋಡಿ. ಕರಿಬೇವು, ನಿಂಬೆ ಗಿಡಗಳಲ್ಲಿ ಸಿಗುವ ನಿಂಬೆ ಚಿಟ್ಟೆಯ ಹುಳುವಿಗೆ ಕಂಬಳಿಯಿಲ್ಲ; ಅದು ಮೊದಲು ಹಕ್ಕಿಯ ಹಿಕ್ಕೆಯಂತೆ, ಆಮೇಲೆ ನುಣುಪಾದ ಹಸುರಾಗಿ ಕಾಣುತ್ತದೆ. ಕಂಬಳಿಹುಳು ಮುಟ್ಟಿದರೆ ತುರಿಕೆ ಎಂದು ಮನೆಯಲ್ಲಿ ಕೇಳಿ ಬಂದ ಮಗು, ಅದೇ ಹೆಸರು ಕೇಳಿದ ಕೂಡಲೇ ಕೈ ಹಿಂದೆಗೆಯುತ್ತದೆ. ಕಾರ್ಲ್ ಅವರ ಗೂಡಿನ ತಪ್ಪಿಗೂ ನಮ್ಮ ಕಂಬಳಿಹುಳುವಿನ ತಪ್ಪಿಗೂ ಮೂಲ ಒಂದೇ: ಒಂದು ಹೆಸರನ್ನು ಅದರ ಜೀವಿಯಿಂದ ಬಿಡಿಸಿ ಎಲ್ಲಕ್ಕೂ ಹೊದಿಸುವುದು.

ಕನ್ನಡವೂ ಒಂದಲ್ಲ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕಡೆ ಚಿಟ್ಟೆ 'ಪಾತರಗಿತ್ತಿ'. ಬೇಂದ್ರೆಯವರ ಪ್ರಸಿದ್ಧ ಕವಿತೆಯಿಂದಾಗಿ ಆ ಪದ ಎಲ್ಲ ಕನ್ನಡಿಗರ ಕಿವಿಗೂ ಬಿದ್ದಿದೆ, ಆದರೆ ಪ್ರಾಣಿಯ ಪಾಠಕ್ಕೆ ಅದನ್ನು ಕರೆಯುವವರು ಕಡಿಮೆ. ಅಲ್ಲಿನ ಮಗುವಿಗೆ ಶಾಲೆ ಮರಾಠಿಯ 'ಫುಲಪಾಖರೂ' ಎನ್ನುತ್ತದೆ, ಕನ್ನಡ ಪಠ್ಯ 'ಚಿಟ್ಟೆ' ಎನ್ನುತ್ತದೆ; ಮಗುವಿನ ಮಾತು ಎರಡರಲ್ಲೂ ಇಲ್ಲ. ತಾಳವಾಡಿಯ ಕಾಡಂಚಿನ ಸೋಲಿಗರ ಮಕ್ಕಳಿಗೆ ನಮ್ಮ ಶಿಷ್ಟ ಕನ್ನಡವೂ ಹೊರಗಿನ ಮಾತೇ. ಅಲ್ಪಸಂಖ್ಯಾತ ಭಾಷೆಯ ಪರವಾಗಿ ಮಾತನಾಡುವ ನಾವು, ನಮ್ಮೊಳಗಿನ ಸಣ್ಣ ಮಾತುಗಳಿಗೆ ಬಹುಸಂಖ್ಯಾತರಂತೆ ವರ್ತಿಸದಿರುವುದು ಮುಖ್ಯ.

ಇನ್ನೊಂದು ಕಡೆಯಿಂದ ನೋಡಿದರೆ, ನೆರೆಭಾಷೆಯ ಪಟ ಶತ್ರುವೂ ಅಲ್ಲ. ತಮಿಳಿನ 'ಪುೞು' ಹಳಗನ್ನಡದ 'ಪುೞು'ವೇ. ಪಕಾರ ಹಕಾರವಾಗಿ ನಮ್ಮ 'ಹುಳು' ಆಗಿದೆ. 'ಮುಟ್ಟೈ'ಗೂ 'ಮೊಟ್ಟೆ'ಗೂ, 'ಕೂಡು'ವಿಗೂ 'ಗೂಡು'ವಿಗೂ ನಂಟು ಕಿವಿಗೇ ಕೇಳುತ್ತದೆ. ಮಲಯಾಳದ 'ಪುೞು', 'ಮುಟ್ಟ', ತೆಲುಗಿನ 'ಪುರುಗು', 'ಗೂಡು' ಇದೇ ಬಳಗದವು. ಆ ಅಂಗನವಾಡಿಯಲ್ಲಿ ಶಿಕ್ಷಕಿ "ಪಾಠದಲ್ಲಿ ಪುೞು ಅನ್ನಬೇಕು" ಎನ್ನುವ ಬದಲು "ನೀನು ಹುಳ ಅಂದೆ, ಪಟ ಪುೞು ಅನ್ನುತ್ತದೆ, ಎರಡೂ ಒಂದೇ ಕನ ಮಗ, ಜ್ವರ ಅಂದರೇನು, ಎಲ್ಲರಿಗೂ ಹೇಳು" ಎಂದಿದ್ದರೆ ಒಂದೇ ವಾಕ್ಯದಲ್ಲಿ ಮೂರು ಪಾಠಗಳಾಗುತ್ತಿದ್ದವು. ಕುಮಾರನ್ ಆಶಾನ್ ಅವರ 'ಕುಟ್ಟಿಯುಂ ತಳ್ಳಯುಂ' ಎಂಬ ಮಲಯಾಳ ಕವಿತೆಯಲ್ಲಿ ಬಳ್ಳಿಯಿಂದ ಹಾರಿಹೋಗುವ ಚಿಟ್ಟೆಗಳನ್ನು ಮಗು ಹೂಗಳೆಂದು ಭಾವಿಸುತ್ತದೆ, ತಾಯಿ ತಿದ್ದುತ್ತಾಳೆ. ಕಾಸರಗೋಡಿನ ಕನ್ನಡ ಮಕ್ಕಳಿಗೂ ಶಾಲೆಯ ಮೂಲಕ ದೊರೆಯಬಹುದಾದ ಕವಿತೆ ಇದು. ಅಲ್ಲಿ ತಿದ್ದುಪಡಿ ಮಗುವಿನ ನೋಟವನ್ನು ಅಳಿಸುವುದಿಲ್ಲ. ಓದುಗನ ಮನಸ್ಸಿನಲ್ಲಿ ಉಳಿಯುವುದು ಮಗು ಕಂಡ ಹಾರುವ ಹೂವೇ. ತಿದ್ದುವುದಕ್ಕೂ ಅಳಿಸುವುದಕ್ಕೂ ಇರುವ ಈ ವ್ಯತ್ಯಾಸ ತರಗತಿಯಲ್ಲೂ ಸಾಧ್ಯ.

೫

ಈ ವಯಸ್ಸಿನಲ್ಲೇ ಇದೆಲ್ಲ ಏಕೆ, ಪ್ರಾಥಮಿಕ ಶಾಲೆಗೆ ಬಂದ ಮೇಲೆ ನೋಡಿದರಾಗದೇ ಎಂದು ಕೇಳಬಹುದು. ಉತ್ತರವನ್ನು ಒಂದು ಹುಳುವೇ ಕೊಟ್ಟಿದೆ. ಮಗುವಿನ ಬೆಳವಣಿಗೆಯಲ್ಲಿ ಕೆಲವು ಸಾಮರ್ಥ್ಯಗಳಿಗೆ ಮೀಸಲಾದ ಸಂವೇದನಾ ಕಾಲಗಳಿವೆ ಎಂಬ ಮಾರಿಯಾ ಮಾಂಟೆಸರಿಯವರ ಪರಿಕಲ್ಪನೆ ಡಚ್ ಜೀವವಿಜ್ಞಾನಿ ಹ್ಯೂಗೋ ದ ವ್ರೀಸ್ ಅವರಿಂದ ಬಂದದ್ದು. ಅದನ್ನು ವಿವರಿಸಲು ಮಾಂಟೆಸರಿ ಬಳಸಿದ ಉದಾಹರಣೆ ಪೊರ್ಥೀಸಿಯಾ ಎಂಬ ಕೀಟದ ಮರಿಹುಳು. ತಾಯಿ ಮೊಟ್ಟೆಯಿಡುವುದು ಕೊಂಬೆಯ ಬುಡದ ಕವಲಿನಲ್ಲಿ. ಮರಿಗೆ ಬೇಕಾದ ಎಳೆಯ ಎಲೆ ಇರುವುದು ಕೊಂಬೆಯ ತುದಿಯಲ್ಲಿ. ಎಳೆಯ ಹುಳು ಬೆಳಕಿಗೆ ತೀವ್ರವಾಗಿ ಸ್ಪಂದಿಸುವುದರಿಂದ ತುದಿಯತ್ತ ಹೋಗಿ ಎಲೆಯನ್ನು ಸೇರುತ್ತದೆ. ಬಲಿತು ಗಟ್ಟಿ ಎಲೆಯನ್ನೂ ತಿನ್ನಬಲ್ಲುದಾದ ಮೇಲೆ ಬೆಳಕಿನ ಆ ಸೆಳೆತ ಉಳಿಯುವುದಿಲ್ಲ. ಮಗುವಿನ ಭಾಷಾಕಲಿಕೆಯೂ ಹೀಗೆಯೇ ಎಂಬುದು ಮಾಂಟೆಸರಿಯವರ ಹೋಲಿಕೆ. ಹೋಲಿಕೆಯನ್ನು ಅಕ್ಷರಶಃ ಒಪ್ಪಬೇಕಿಲ್ಲ. ಆದರೆ ಮೂರರಿಂದ ಆರು ವರ್ಷದೊಳಗೆ, ಯಾವ ಮಾತು ತಿಳಿವಳಿಕೆಯ ಮಾತು, ಯಾವುದು ಬರಿಯ ಮನೆಯ ಮಾತು ಎಂಬ ವಿಂಗಡಣೆಯನ್ನು ಮಗು ದೊಡ್ಡವರಿಂದ ಕಲಿಯುತ್ತದೆ ಎಂಬುದಕ್ಕೆ ಆ ಹುಡುಗಿ ಕುಳಿತುಕೊಂಡ ಬಗೆಯೇ ಸಾಕ್ಷಿ.

ನಮ್ಮ ಕಾನೂನಿನ ಆಸರೆ ತೆಳುವಾಗಿರುವುದೂ ಈ ವಯಸ್ಸಿನಲ್ಲೇ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತದಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಮೂರರಿಂದ ಆರು ವರ್ಷದ ಶಾಲಾಪೂರ್ವ ಶಿಕ್ಷಣವನ್ನು ಸರ್ಕಾರದ ವಿವೇಚನೆಗೆ ಬಿಟ್ಟಿದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಯೇ ಬಹುಪಾಲು ಗ್ರಾಮೀಣ ಮಕ್ಕಳ ಮೊದಲ ತರಗತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಳೆಯರ ಕಲಿಕೆಯಲ್ಲಿ ಮನೆಮಾತಿಗೆ ಮಹತ್ವ ಕೊಟ್ಟಿದ್ದರೂ ನೀತಿ ಎಂಬುದು ಹಕ್ಕಲ್ಲ. ಗಡಿನಾಡಿನ ನಮ್ಮ ಹೋರಾಟಗಳು ಶಾಲೆ, ಶಿಕ್ಷಕರ ನೇಮಕ, ಪಠ್ಯಪುಸ್ತಕಗಳ ಸುತ್ತ ನಡೆದಿವೆ, ಅವು ನ್ಯಾಯವಾದವು. ಆದರೆ ಮಗು ಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಅದರ ಕನ್ನಡ 'ಪಾಠಕ್ಕಲ್ಲದ ಮಾತು' ಆಗಿಬಿಟ್ಟಿದ್ದರೆ, ಮುಂದಿನ ಹೋರಾಟದ ನೆಲ ಆಗಲೇ ಸವೆದಿರುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡದೇನೂ ಅಲ್ಲ. ರೇಷ್ಮೆ ಇರುವ ಊರಲ್ಲಿ ಹತ್ತಿಪ್ಪತ್ತು ಹುಳುಗಳನ್ನು ಅಂಗನವಾಡಿಗೆ ತಂದು ಸಾಕಬಹುದು. ರೋಗದ ಭಯವಿರುವುದರಿಂದ ಅವನ್ನು ಮತ್ತೆ ಸಾಕಣೆ ಮನೆಗೆ ಒಯ್ಯಬಾರದು, ಮಕ್ಕಳನ್ನು ಗುಂಪಾಗಿ ಸಾಕಣೆ ಮನೆಯೊಳಗೆ ಬಿಡಲೂ ಬಾರದು. ಪ್ರತಿ ಜ್ವರಕ್ಕೆ ಒಂದು ಹುಣಸೆಬೀಜವನ್ನು ಡಬ್ಬಿಗೆ ಹಾಕಿದರೆ ನಾಲ್ಕು ಬೀಜಗಳಾಗುವ ಹೊತ್ತಿಗೆ ಮಕ್ಕಳು ಪಟ ಹೇಳದ್ದನ್ನು ಎಣಿಸಿ ಕಲಿತಿರುತ್ತಾರೆ. ರೇಷ್ಮೆ ಇಲ್ಲದ ಊರುಗಳಲ್ಲಿ ಅಂಗಳದ ಕರಿಬೇವಿನ ಗಿಡವೇ ಸಾಕು. ಅಲ್ಲಿನ ಹುಳುವನ್ನು ಕಿರುಗೊಂಬೆಯ ಸಮೇತ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ದಿನವೂ ಹೊಸ ಎಲೆ ಕೊಟ್ಟರೆ ಆಯಿತು. ಕೆಣಕಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲನ್ನು ಹೊರಚಾಚಿ ವಾಸನೆ ಬಿಡುವುದನ್ನೂ, ಸೊಂಟಕ್ಕೆ ಒಂದೆಳೆ ನೂಲು ಕಟ್ಟಿಕೊಂಡು ಕೋಶವಾಗುವುದನ್ನೂ ಮಕ್ಕಳು ನೋಡುತ್ತಾರೆ. ಮಳೆಗಾಲದ ಹೊಂಡದ ಗೊದಮೊಟ್ಟೆಗಳೂ ಆಗಬಹುದು. ನೋಡಿದ ಮೇಲೆ ಅದೇ ನೀರಿಗೆ ಬಿಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಒಂದು ಪುಸ್ತಕ. ಐಸಾಕ್ಸ್ ಮಾಡಿದಂತೆ, ಮಗು ಹುಳುವನ್ನು ನೋಡಿ ಆಡಿದ ಮಾತನ್ನು ಆಡಿದಂತೆಯೇ, ಮಗುವಿನ ಉಚ್ಚಾರದಲ್ಲೇ, ಕನ್ನಡ ಲಿಪಿಯಲ್ಲಿ ಬರೆದಿಡುವ ಪುಸ್ತಕ. ಪಕ್ಕದಲ್ಲಿ ಶಾಲೆಯ ಭಾಷ���ಯ ಪದವೂ ಇರಲಿ. ನಾಲ್ಕು ವರ್ಷದ ಮಗುವಿಗೆ ಅದನ್ನು ಓದಲು ಬಾರದು. ಆದರೆ ತಾನು ಆಡಿದ್ದನ್ನು ದೊಡ್ಡವರು ಬರೆದುಕೊಳ್ಳುತ್ತಾರೆ ಎಂಬುದು ಅದಕ್ಕೆ ಕಾಣುತ್ತದೆ. ಬರೆದಿಡಲು ಯೋಗ್ಯವಾದ ಮಾತು ತನ್ನ ಮನೆಯಲ್ಲಿದೆ ಎಂಬುದು ಅದರಿಂದ ತಿಳಿಯುತ್ತದೆ. ಗಡಿನಾಡಿನ ವೃತ್ತಿಪದಗಳನ್ನು ಸಂಗ್ರಹಿಸಲು ನಾವು ಸಂಶೋಧಕರು ಹಿರಿಯರ ಬಳಿ ಹೋಗುತ್ತೇವೆ, ಅದು ಸರಿ. ಅದೇ ಪದಗಳು ಎಳೆಯರ ಬಾಯಲ್ಲಿ ಇನ್ನೂ ಬದುಕಿರುವಾಗ ಅವನ್ನು ಪಾಠದ ಹೊರಗೆ ಕಳಿಸುತ್ತಿದ್ದೇವೆ ಎಂಬುದನ್ನೂ ಗಮನಿಸಬೇಕು.

ಆ ದಿನ ನನ್ನ ಟಿಪ್ಪಣಿಯಲ್ಲಿ ನಾನು ಬರೆದುಕೊಂಡ ಮೊದಲ ವಾಕ್ಯ ಆ ಹುಡುಗಿಯದು. ಅಂಗನವಾಡಿ ಮುಗಿದ ಮೇಲೆ ಶಿಕ್ಷಕಿಗೆ ಅದನ್ನು ಓದಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತವರಿನಲ್ಲೂ ಹುಳ ಮೇಯಿಸುತ್ತಿದ್ದರೆಂದೂ, ಎರಡನೆಯ ಜ್ವರಕ್ಕೆ ಕೂತಾಗ ಮನೆಯಲ್ಲಿ ಒಗ್ಗರಣೆ ಹಾಕಲೂ ತಮ್ಮ ಅಜ್ಜಿ ಬಿಡುತ್ತಿರಲಿಲ್ಲವೆಂದೂ ಹೇಳಿದರು. ಆ ಮಾತು ಅವರಲ್ಲಿ ಇತ್ತು. ಅದು ಪಾಠದಲ್ಲಿ ಬರಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.